ಕತ್ತರಿಸಿದ ತುಂಡು

ಗುಂಡಿ ಒತ್ತಿದಾಗ ಲ್ಯಾಪ್‌ಟಾಪ್ ಒಮ್ಮೆ ನಿಟ್ಟುಸಿರು ಬಿಟ್ಟ ಹಾಗೆ ಸದ್ದು ಮಾಡಿತು. ಪರದೆ ಮಾತ್ರ ಕಪ್ಪಾಗಿಯೇ ಉಳಿಯಿತು. ಮೇಲಿನ ಮೂಲೆಯಲ್ಲಿ ಬಿಳಿ ಅಕ್ಷರಗಳ ಒಂದು ಸಾಲು ಮೂಡಿ ನಿಂತಿತು. ದಾದಿಯಮ್ಮ ಕನ್ನಡಕ ಸರಿಮಾಡಿಕೊಂಡು ಓದಿದರು. ಶುರು ಮಾಡಲು ಡಿಸ್ಕ್ ಸಿಗುತ್ತಿಲ್ಲ, ಡಿಸ್ಕ್ ಸೇರಿಸಿ ಯಾವುದಾದರೂ ಕೀಲಿ ಒತ್ತಿ ಎಂದಿತ್ತು. ಅವರು ಒಂದು ಕೀಲಿ ಒತ್ತಿದರು. ಅದೇ ಸಾಲು ಇನ್ನೊಮ್ಮೆ ಬಂತು. ಮತ್ತೊಂದು ಒತ್ತಿದರು. ಮತ್ತೆ ಅದೇ.

ಎದುರಿನ ಕುರ್ಚಿಯಲ್ಲಿ ಕೋಲನ್ನು ಮಂಡಿಗಳ ನಡುವೆ ಇಟ್ಟುಕೊಂಡು ಕೂತಿದ್ದ ಅಂಧರ ಶಾಲೆಯ ಮೇಷ್ಟ್ರು ಕೀಲಿಗಳ ಸದ್ದನ್ನೇ ಕೇಳುತ್ತಿದ್ದರು. ಅವರಿಗೂ ಹುಟ್ಟಿನಿಂದ ಕಣ್ಣಿಲ್ಲ.

"ಏನಾಯ್ತಮ್ಮ?"

"ಏನಿಲ್ಲ ಮೇಷ್ಟ್ರೇ, ಮಲಗಿಬಿಟ್ಟಿದೆ. ಏಳುತ್ತೆ," ಎಂದರು ದಾದಿಯಮ್ಮ.

ಆಯುಷ್ಯವೆಲ್ಲ ಆಸ್ಪತ್ರೆಯಲ್ಲಿ ದಾದಿಯಾಗಿ ದುಡಿದವರು. ಏಳದ ಎಷ್ಟೋ ಜನರ ಮನೆಯವರಿಗೆ ಇದೇ ಮಾತನ್ನು ಇದೇ ಧ್ವನಿಯಲ್ಲಿ ಹೇಳಿದ್ದರು. ಆ ಧ್ವನಿ ಈಗ ತಮ್ಮ ಬಾಯಿಂದಲೇ ಬಂದದ್ದು ಕಿವಿಗೆ ಬಿದ್ದು ಅವರು ಕೀಲಿಯಿಂದ ಬೆರಳು ತೆಗೆದರು.

ಅವರ ಯಜಮಾನರು ರೈಲು ನಿಲ್ದಾಣದಲ್ಲಿ ಘೋಷಣೆ ಮಾಡುತ್ತಿದ್ದವರು. ಯಾವ ಗಾಡಿ ಎಲ್ಲಿ ಬರುತ್ತದೆ, ಎಷ್ಟು ತಡ, ಎಲ್ಲವನ್ನೂ ಊರು ಆ ದನಿಯಿಂದಲೇ ತಿಳಿಯುತ್ತಿತ್ತು. ನಿವೃತ್ತಿಯಾದ ಮೇಲೆ ಅದೇ ದನಿಯಲ್ಲಿ ಪುಸ್ತಕಗಳನ್ನು ಗಟ್ಟಿಯಾಗಿ ಓದಿ, ಲ್ಯಾಪ್‌ಟಾಪಿನಲ್ಲಿ ದನಿಮುದ್ರಣ ಮಾಡಿ, ಅಂಧರ ಶಾಲೆಯ ಮಕ್ಕಳಿಗೆ ಕೊಡುತ್ತಿದ್ದರು. ಕೊನೆಗೆ ಹಿಡಿದದ್ದು ನಾವಿಕರ ಒಂದು ದೊಡ್ಡ ಕಥೆ. ಓದಿ ಮುಗಿಸಿದ್ದರು. ಕಡೆಯ ಅಧ್ಯಾಯಗಳನ್ನು ಮಾತ್ರ "ಸ್ವಲ್ಪ ತಿದ್ದಿ ಕೊಡ್ತೀನಿ" ಎಂದು ಇಟ್ಟುಕೊಂಡಿದ್ದರು. ಅಷ್ಟರಲ್ಲಿ ಅವರ ಹೃದಯ ನಿಂತಿತು.

"ಹಡಗು ಬಿರುಗಾಳಿಗೆ ಸಿಕ್ಕಿರೋ ಕಡೆ ನಿಂತುಬಿಟ್ಟಿದೆ," ಎಂದರು ಮೇಷ್ಟ್ರು. "ಮಕ್ಕಳು ದಿನಾ ಕೇಳ್ತಾರೆ, ದಡ ಸೇರ್ತಾ, ಇಲ್ವಾ ಅಂತ. ಬೇರೆಯವರ ಹತ್ರ ಓದಿಸ್ತೀನಿ ಅಂದ್ರೆ ಬೇಡವಂತೆ. ರೈಲು ತಾತನೇ ಹೇಳ್ಬೇಕಂತೆ."

ದಾದಿಯಮ್ಮ ಬೀದಿಯ ತುದಿಯ ರಿಪೇರಿಯವನಿಗೆ ಫೋನ್ ಮಾಡಿದರು.

ರಿಪೇರಿಯವನು ಬಂದವನೇ ಆ ಸಾಲನ್ನು ನೋಡಿದ; ಲ್ಯಾಪ್‌ಟಾಪನ್ನು ಕೂಸಿನ ಹಾಗೆ ಬೋರಲು ಹಾಕಿ ನೋಡಿದ; ಕೊನೆಗೆ ಇವರ ಮುಖ ನೋಡಿದ.

"ಡಿಸ್ಕ್ ಎಲ್ಲಮ್ಮ?"

"ಒಳಗೇ ಇರುತ್ತಲ್ಲಪ್ಪ."

"ಒಳಗಿಂದು ಯಾವಾಗಲೋ ಸತ್ತಿದೆ. ನಾನೇ ನೋಡಿ ಹೇಳಿದ್ದೆ. ಹೊಸದು ಹಾಕಿಸಿ ಅಂದ್ರೆ ಯಜಮಾನರು ಕೇಳ್ಲಿಲ್ಲ. ಹೊರಗಿನ ಹಾರ್ಡ್ ಡಿಸ್ಕ್ ಇತ್ತಲ್ಲ, ಬ್ಯಾಕಪ್‌ಗೆ ಇಟ್ಕೊಂಡಿದ್ದ ಕಪ್ಪು ಡಬ್ಬಿ? 'ಇದರಿಂದಲೇ ಶುರುವಾಗೋ ಹಾಗೆ ಮಾಡ್ಕೊಡು' ಅಂದ್ರು. ಮಾಡ್ಕೊಟ್ಟೆ. ಅಲ್ಲಿಂದ ಎಲ್ಲ ಇರೋದು ಅದರಲ್ಲೇ. ಇದು ಬರೀ ಪರದೆ, ಕೀಲಿ ಅಷ್ಟೆ. ಹಾಗಾದ್ರೆ ಬ್ಯಾಕಪ್ ಎಲ್ಲಿ ಸ್ವಾಮಿ ಅಂತ ಕೇಳಿದೆ. ನಕ್ಕುಬಿಟ್ರು. 'ಈ ದೇಹಕ್ಕೆ ಯಾವ ಬ್ಯಾಕಪ್ ಇದೆಯಯ್ಯಾ' ಅಂದ್ರು."

 ಆ ಕಪ್ಪು ಡಬ್ಬಿ ಎಲ್ಲಿದೆ ಎಂದು ದಾದಿಯಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಕೆಳಗೆ, ನಾದಿನಿಯ ಕಸೂತಿ ಅಂಗಡಿಯಲ್ಲಿ.

ಅತ್ತಿಗೆ ನಾದಿನಿಯರದು ಎಣ್ಣೆ ಸೀಗೆಕಾಯಿ ಸಂಬಂಧ. ನಾದಿನಿ ಮದುವೆಯಾಗಲಿಲ್ಲ. ಅಪ್ಪ ಕಟ್ಟಿಸಿದ ಮನೆಯ ಕೆಳಗಿನ ಭಾಗ ಅವಳದು, ಮೇಲಿನದು ಅಣ್ಣನದು. ಮೇಲೆ ನೀರು ಚೆಲ್ಲಿದರೆ ಕೆಳಗೆ ಕೂಗು. ಕೆಳಗೆ ಹೊಲಿಗೆ ಯಂತ್ರ ತಿರುಗಿದರೆ ಮೇಲೆ ತಲೆನೋವು. ಅಣ್ಣ ಹೋದ ವಾರದಲ್ಲೇ ಅವಳು ಮೆಟ್ಟಿಲು ಹತ್ತಿ ಬಂದು, "ಅಣ್ಣನ ದನಿ ಒಂದ್ಸಲ ಕೇಳಿಸಿ ಅತ್ತಿಗೆ," ಎಂದಿದ್ದಳು.

"ಬದುಕಿದ್ದಾಗ ಬಾಯಿ ಬಿಡೋಕೆ ಬಿಟ್ಟಿದ್ಯಾ ಅವರನ್ನ? ಈಗ ಬಂದಿದೀಯ ದನಿ ಕೇಳೋಕೆ."

"ಆ ಡಿಸ್ಕ್ ನಾನು ಅಣ್ಣನಿಗೆ ಕೊಡಿಸಿದ್ದು. ಅದನ್ನಾದ್ರೂ ಕೊಡಿ."

ದಾದಿಯಮ್ಮ ಕೇಬಲ್ ಸಮೇತ ಡಬ್ಬಿಯನ್ನು ಕಿತ್ತು ಅವಳ ಕೈಗೆ ತುರುಕಿದ್ದರು. "ತಗೋ ನಿನ್ನ ಉಡುಗೊರೆ. ನಕಲು ತಾನೇ, ಇಟ್ಕೋ. ಸಿಪ್ಪೆ ನಿನಗಿರಲಿ, ತಿರುಳು ನನ್ನ ಹತ್ರ ಇದೆ." ಅಂದೇ ಲ್ಯಾಪ್‌ಟಾಪನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಕೊರಳ ಸರಕ್ಕೆ ಪೋಣಿಸಿಕೊಂಡಿದ್ದರು. ರಾತ್ರಿ ಮಲಗುವಾಗಲೂ ಅದು ಎದೆಗೆ ಒತ್ತುತ್ತಿತ್ತು. ಒತ್ತಲಿ ಎಂದು ಬಿಟ್ಟಿದ್ದರು.

ಇಷ್ಟು ದಿನ ಜೋಪಾನ ಮಾಡಿದ್ದು ಸಿಪ್ಪೆಯನ್ನೇ.

ಮೇಷ್ಟ್ರು, ರಿಪೇರಿಯವ ಇಬ್ಬರೂ ಇದ್ದಾರೆಂಬ ಧೈರ್ಯದ ಮೇಲೆ ದಾದಿಯಮ್ಮ ಕೆಳಗಿಳಿದರು. ನಾದಿನಿ ಒಂದು ಮೇಜುಬಟ್ಟೆಯ ಅಂಚಿಗೆ ನೀಲಿ ದಾರ ಹಾಕುತ್ತಿದ್ದಳು. ಇವರನ್ನು ನೋಡಿಯೂ ಯಂತ್ರ ನಿಲ್ಲಿಸಲಿಲ್ಲ.

"ಆ ಡಿಸ್ಕ್ ಬೇಕು," ಎಂದರು ದಾದಿಯಮ್ಮ.

"ಯಾವುದು, ಸಿಪ್ಪೆಯಾ?"

"ನಿನ್ನ ಹತ್ರ ಮಾತು ಬೆಳೆಸೋಕೆ ಬಂದಿಲ್ಲ. ಮಕ್ಕಳಿಗೆ ಬೇಕು."

"ಮೇಲಿಂದ ಕೆಳಗೆ ಇಳಿದು ಬಂದಿದೀರಲ್ಲ, ಸೂರ್ಯ ಯಾವ ಕಡೆ ಹುಟ್ಟಿದಾನೆ ಇವತ್ತು? ತಿರುಳು ಕೊಳೆತು ಹೋಯ್ತಾ?"

"ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ," ಎಂದು ರಿಪೇರಿಯವನು ಲ್ಯಾಪ್‌ಟಾಪ್ ಹಿಡಿದುಕೊಂಡು ಬಾಗಿಲಲ್ಲೇ ನಿಂತು ಹಲ್ಲು ಬಿಟ್ಟ. "ಅಮ್ಮಾ, ಆ ಡಿಸ್ಕ್ ಇಲ್ಲದೆ ಮೇಲಿಂದು ಏಳಲ್ಲ. ಕೊಟ್ಟುಬಿಡಿ. ಚುಚ್ಚಿದ್ರೆ ಇಲ್ಲೇ ಎದ್ದು ಕೂರುತ್ತೆ."

ಆಗ ಯಂತ್ರ ನಿಂತಿತು.  ನಾದಿನಿ ಎದ್ದು, ನೂಲಿನ ಉಂಡೆಗಳ ಹಿಂದಿದ್ದ ಕಬ್ಬಿಣದ ಪೆಟ್ಟಿಗೆ ತೆರೆದು, ಮೆತ್ತನೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಡಬ್ಬಿಯನ್ನು ತೆಗೆದು ರಿಪೇರಿಯವನಿಗೆ ಕೊಟ್ಟಳು. ಅತ್ತಿಗೆಯ ಕೈಗೆ ಕೊಡಲಿಲ್ಲ.

ಅವನು ಕೇಬಲ್ ಚುಚ್ಚಿ ಗುಂಡಿ ಒತ್ತಿದ. ಡಬ್ಬಿಯ ಮೇಲಿನ ಪುಟ್ಟ ದೀಪ ಮಿಟುಕಿತು. ಪರದೆಯ ಮೇಲೆ ಅದೇ ಬಿಳಿ ಸಾಲು ಬಂತು. ಅವನು ತನ್ನ ಲ್ಯಾಪ್‌ಟಾಪ್ ತೆಗೆದು ಅದಕ್ಕೆ ಚುಚ್ಚಿ ನೋಡಿ, ತಲೆ ಎತ್ತಿದ.

"ಇದು ಖಾಲಿ. ಯಾರೋ ಫಾರ್ಮ್ಯಾಟ್ ಮಾಡಿದಾರೆ."

ನಾದಿನಿ ಗೋಡೆ ನೋಡುತ್ತ ಹೇಳಿದಳು. "ಅಣ್ಣನ ದನಿ ಕೇಳೋಣ ಅಂತ ಅಂಗಡಿ ಕಂಪ್ಯೂಟರಿಗೆ ಚುಚ್ಚಿದೆ. ಬಳಸೋಕೆ ಮುಂಚೆ ಫಾರ್ಮ್ಯಾಟ್ ಮಾಡ್ಬೇಕು, ಮಾಡಲಾ ಅಂತ ಕೇಳ್ತು. ಅದೇ ಕೇಳ್ತಲ್ಲ. ಬಾಗಿಲು ತೆಗೀಲಾ ಅಂತ ಕೇಳೋ ಹಾಗೆ ಕೇಳ್ತು. ಹೂಂ ಅಂತ ಒತ್ತಿದೆ. ಆಮೇಲೆ ನೋಡಿದ್ರೆ ಏನೂ ಇಲ್ಲ."

"ಅಂಗಡಿ ಕಂಪ್ಯೂಟರಿಗೆ ಈ ಡಿಸ್ಕಿನ ಭಾಷೆ ಬರಲ್ಲ," ಎಂದ ರಿಪೇರಿಯವ. "ಓದೋಕೆ ಬರದೇ ಇದ್ದದ್ದನ್ನ ಅದು ಖಾಲಿ ಅಂದ್ಕೊಳ್ಳುತ್ತೆ."

ದಾದಿಯಮ್ಮ ಮಾತು ಹುಡುಕಿದರು. ಸಿಕ್ಕ ಮಾತು ವಿಷವಾಗಿತ್ತು. "ಒಂದ್ಸಲ ಸತ್ತಿದ್ದು ಸಾಲ್ದು ಅಂತ ಇನ್ನೊಂದ್ಸಲ ಕೊಂದ್ಯಲ್ಲೇ! ಹೂಂ ಅಂತ ಒತ್ತೋ ಬೆರಳು ಉದುರಿ ಹೋಗ್ಲಿ."

"ಓಡ್ತಿದ್ದ ಯಂತ್ರದಿಂದ ಕರುಳ ಬಳ್ಳಿ ಕಿತ್ತ ಹಾಗೆ ಕಿತ್ತು ಬಿಸಾಕಿದ್ದು ಯಾರು? ಒಂದ್ಸಲ ಕೇಳಿಸಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು? ನಿಮ್ಮ ಗಂಡ ಆಗೋಕೆ ಮುಂಚೆ ನನಗೆ ಅಣ್ಣ ಅವನು. ನನ್ನ ಎತ್ತಿ ಆಡಿಸಿದವನು."

"ಆಡಿಸಿದ್ದಕ್ಕೆ ಚೆನ್ನಾಗಿ ಋಣ ತೀರಿಸಿದೆ!"

ಮೇಷ್ಟ್ರ ಕೋಲು ಮೆಟ್ಟಿಲ ಮೇಲೆ ಠಣ್ಣೆಂದು ಬಡಿಯಿತು. ಅವರು ಗೋಡೆ ಹಿಡಿದು ಇಳಿದು ಬಂದಿದ್ದರು. "ಅತ್ತಿಗೆ ನಾದಿನಿ ಜಗಳದಲ್ಲಿ ಕೂಸುಗಳು ಬಡವಾದ್ವು," ಎಂದರು. ದನಿಯಲ್ಲಿ ಹಾಸ್ಯವಿರಲಿಲ್ಲ. "ನಿಮಗೆ ಅವರ ಮುಖವಾದ್ರೂ ನೆನಪಿದೆ. ನಮ್ಮ ಮಕ್ಕಳಿಗೆ ದನಿಯೇ ಮುಖ. ಅದನ್ನ ಇಬ್ಬರೂ ಸೇರಿ ಅಳಿಸಿದೀರಿ."

 ರಿಪೇರಿಯವನು ಡಬ್ಬಿಯನ್ನು ತಿರುಗಿಸುತ್ತ ಕೇಳಿದ. "ಆಮೇಲೆ ಇದಕ್ಕೆ ಏನಾದ್ರೂ ತುಂಬಿದ್ರಾ? ಕಸೂತಿ ಚಿತ್ರ, ಹಾಡು, ಏನಾದ್ರೂ?"

"ಮುಟ್ಟಿಲ್ಲ. ಮುಟ್ಟೋ ಧೈರ್ಯ ಬರ್ಲಿಲ್ಲ."

"ಹಾಗಾದ್ರೆ ಒಂದಿಷ್ಟು ಆಸೆ ಇದೆ. ಮನೆ ಬಿದ್ದಿಲ್ಲ, ಬಾಗಿಲ ಮೇಲಿನ ಹೆಸರುಗಳು ಅಳಿಸಿವೆ ಅಷ್ಟೆ. ಗೋಡೆ ತಟ್ಟಿ ತಟ್ಟಿ ಹುಡುಕ್ಬೇಕು. ಎಷ್ಟು ಸಿಗುತ್ತೋ ಹೇಳಲ್ಲ. ಸಿಕ್ಕಿದ್ದರಲ್ಲಿ ಯಾವುದು ಏನು ಅಂತ ನೀವೇ ಕೂತು ಕೇಳಿ ಹೇಳ್ಬೇಕು. ನನಗೆ ಕಥೆ ಗೊತ್ತಿಲ್ಲ."

ಅವನು ಹೇಳಿಕಳುಹಿಸಿದ ದಿನ ಇಬ್ಬರೂ ಬೇರೆ ಬೇರೆಯಾಗಿ ಹೊರಟರು. ರಸ್ತೆಯ ಈ ಬದಿ ಒಬ್ಬರು, ಆ ಬದಿ ಒಬ್ಬರು. ಅವನ ಅಂಗಡಿಯ ಬೆಂಚಿನ ಎರಡು ತುದಿಗಳಲ್ಲಿ ಕೂತರು. ನಡುವೆ ಇನ್ನಿಬ್ಬರು ಕೂರುವಷ್ಟು ಜಾಗ ಬಿಟ್ಟು, ಅದರಲ್ಲಿ ದಾದಿಯಮ್ಮ ತಮ್ಮ ಚೀಲವನ್ನು ಗಡಿಕಲ್ಲಿನ ಹಾಗೆ ಇಟ್ಟರು. ಸುತ್ತ ಬಿಚ್ಚಿದ ಲ್ಯಾಪ್‌ಟಾಪುಗಳು, ತಿರುಪುಗಳ ಬಟ್ಟಲುಗಳು, ಸುಟ್ಟ ಬೆಸುಗೆಯ ವಾಸನೆ.

"ತಿದ್ದಿ ಇಟ್ಟಿದ್ದು ಒಂದೂ ಸಿಗ್ಲಿಲ್ಲ," ಎಂದ ಅವನು. "ತಿದ್ದೋಕೆ ಮುಂಚಿನ ಕಚ್ಚಾ ತುಣುಕುಗಳು ಸಿಕ್ಕಿವೆ. ಕೇಳಿ."

ದನಿ ಬಂತು. ದಾದಿಯಮ್ಮ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡರು. ಒಂದು ತುಣುಕಿನಲ್ಲಿ ಬರೀ ಕೆಮ್ಮು. ಇನ್ನೊಂದರಲ್ಲಿ ಒಂದೇ ವಾಕ್ಯವನ್ನು ಎಡವಿ ಎಡವಿ ಓದಿ, "ಥೂ, ನಾಲಿಗೆಗೆ ವಯಸ್ಸಾಯ್ತು," ಎಂದು ತಮ್ಮನ್ನೇ ಬೈದುಕೊಂಡದ್ದು. ನಾದಿನಿ ಬಾಯ್ತಪ್ಪಿ ಕಿಸಕ್ಕೆಂದು ನಕ್ಕು, ತಕ್ಷಣ ಬಿಕ್ಕಿದಳು. ನಿಲ್ದಾಣದಲ್ಲಿದ್ದಾಗಲೂ ಗಾಡಿಯ ಹೆಸರು ತಪ್ಪಿದರೆ ಮನೆಗೆ ಬಂದು ಹೀಗೇ ಬೈದುಕೊಳ್ಳುತ್ತಿದ್ದರು.

ಆಮೇಲೆ ಉದ್ದದ್ದೊಂದು ಸಿಕ್ಕಿತು. ಕಡೆಯ ಅಧ್ಯಾಯ. ಪಟಗಳು ಹರಿದಿದ್ದವು, ನಾವಿಕರು ಹಗ್ಗಗಳಿಗೆ ತಮ್ಮನ್ನು ತಾವೇ ಕಟ್ಟಿಕೊಂಡಿದ್ದರು. ದನಿ ಏರುತ್ತ, ಇಳಿಯುತ್ತ, ದೂರದಲ್ಲಿ ಒಂದು ದೀಪ ಕಂಡಿತು ಎನ್ನುವಲ್ಲಿಗೆ ಬಂತು. ಅಲ್ಲಿ ನಿಂತಿತು.

ಹಿನ್ನೆಲೆಯಲ್ಲಿ, ಗೋಡೆಯಾಚೆಯಿಂದ, ಒಂದು ಹೆಣ್ಣುದನಿ ಕೂಗಿತು. "ಒದ್ದೆ ಬಟ್ಟೆ ನನ್ನ ಅಂಗಡಿ ಬೋರ್ಡಿನ ಮೇಲೆ ಒಣಹಾಕಬೇಡಿ ಅಂತ ಎಷ್ಟು ಸಲ ಹೇಳ್ಬೇಕು?"

"ಅದನ್ನ ಗಾಳಿಗೆ ಹೋಗಿ ಹೇಳು. ಹಾರಿಸಿದ್ದು ಅದು."

"ಗಾಳಿಯಲ್ಲ, ನಿಮ್ಮ ಹೊಟ್ಟೆಕಿಚ್ಚು ಹಾರಿಸಿದ್ದು."

ಅದು ಮುಗಿಯುವಂಥದ್ದಾಗಿರಲಿಲ್ಲ. ಸತ್ತ ಅತ್ತೆಯ ಹೆಸರು ಬಂತು, ಬಂಜೆ ಎಂಬ ಮಾತು ಬಂತು, ಬಿಟ್ಟಿ ಕೂಳು ಎಂಬ ಮಾತು ಬಂತು. ಅಂಗಡಿಯ ಬೆಂಚಿನ ಮೇಲೆ ಕೂತ ಇಬ್ಬರೂ ತಲೆ ತಗ್ಗಿಸಿದರು. ರಿಪೇರಿಯವನು ತಿರುಪು ಹುಡುಕುವವನಂತೆ ಮೇಜಿನ ಕೆಳಗೆ ಬಗ್ಗಿದ. ದನಿಮುದ್ರಣದಲ್ಲಿ ಕುರ್ಚಿ ಒಮ್ಮೆ ಕಿರುಗುಟ್ಟಿತು. ಯಜಮಾನರು ಕಾಯುತ್ತಿದ್ದರು. ಉಸಿರಾಟವಷ್ಟೇ ಕೇಳುತ್ತಿತ್ತು. ಮತ್ತೆ, ಮೈಕಿಗೂ ಕೇಳಬಾರದೆಂಬಂತೆ, ಬಹಳ ಮೆಲ್ಲಗೆ ಅವರು ಹೇಳಿದರು.

"ಸ್ವಾಮೀ, ನನ್ನಿಂದ ಆಗ್ಲಿಲ್ಲ. ಇಬ್ಬರನ್ನೂ ನೀನೇ ನೋಡ್ಕೋ."

ಒಂದು ಬಾಗಿಲು ದಡಾರೆಂದು ಮುಚ್ಚಿತು. ಅವರು ಗಂಟಲು ಸರಿಮಾಡಿಕೊಂಡರು. "ದೂರದಲ್ಲಿ ಒಂದು ದೀಪ ಕಂಡಿತು," ಎಂದು ಆ ಸಾಲಿನಿಂದಲೇ ಮತ್ತೆ ಓದತೊಡಗಿದರು. ಹಡಗು ದಡ ಸೇರಿತು.

 ನಾದಿನಿ ರಿಪೇರಿಯವನಿಗೆ ಹೇಳಿದಳು. "ಮಕ್ಕಳಿಗೆ ಕಥೆ ಸಾಕಪ್ಪ. ನಮ್ಮ ಬಾಯಿ ಯಾಕೆ? ಅದನ್ನ ಕತ್ತರಿಸಿಬಿಡು."

ಅವನು ಕತ್ತರಿಸಿದ. ದೀಪದಿಂದ ದೀಪಕ್ಕೆ ನೇರ ಹೊಲಿದ. ಕೇಳಿದರೆ ಗಾಯ ಗೊತ್ತಾಗುತ್ತಿರಲಿಲ್ಲ. ಕತ್ತರಿಸಿ ತೆಗೆದ ತುಂಡು ಪರದೆಯ ಬದಿಯಲ್ಲಿ ಒಂಟಿಯಾಗಿ ನಿಂತಿತ್ತು.

"ಇದನ್ನ ಅಳಿಸಲಾ?" ಎಂದು ಕೇಳಿದ.

"ಬೇಡ!"

ಎರಡು ಬಾಯಿಗಳಿಂದ ಒಟ್ಟಿಗೇ ಬಂದಿತ್ತು. ಇಬ್ಬರೂ ಬೆಚ್ಚಿ ಒಬ್ಬರನ್ನೊಬ್ಬರು ನೋಡಿದರು, ಕೂಡಲೇ ಮುಖ ತಿರುಗಿಸಿದರು.

"ಹಾಗಾದ್ರೆ ಎರಡು ಕಡೆ ಇಡೋಣ," ಎಂದ ರಿಪೇರಿಯವ. "ಈ ಸಲನಾದ್ರೂ." ಎರಡು ಪೆನ್‌ಡ್ರೈವ್ ಮಾಡಿ ಬೆಂಚಿನ ಎರಡು ತುದಿಗಳಿಗೂ ಕೊಟ್ಟ. ಮಕ್ಕಳದನ್ನು ತಾನೇ ಮೇಷ್ಟ್ರಿಗೆ ತಲುಪಿಸುವುದಾಗಿ ಹೇಳಿದ. ಇವರಿಬ್ಬರ ಮೇಲೆ ಅವನಿಗೆ ಆ ವಿಷಯದಲ್ಲಿ ನಂಬಿಕೆ ಉಳಿದಿರಲಿಲ್ಲ.

ಹೋದ ಹಾಗೆಯೇ ರಸ್ತೆಯ ಎರಡು ಬದಿಗಳಲ್ಲಿ ಹಿಂದಿರುಗಿದರು. ಮೆಟ್ಟಿಲ ಬಳಿ ನಾದಿನಿ ಒಂದು ಕ್ಷಣ ನಿಂತಳು. ದಾದಿಯಮ್ಮನೂ ನಿಂತರು. "ನಿಮ್ಮ ಬಟ್ಟೆ ಇವತ್ತೂ ಬೋರ್ಡಿನ ಮೇಲೇ ಇದೆ," ಎಂದು ಹೇಳಿ ಅವಳು ಒಳಗೆ ಹೋದಳು. ದಾದಿಯಮ್ಮ ಮೇಲೆ ಹೋಗಿ ಬಟ್ಟೆಯನ್ನು ಒಳಗೆಳೆದುಕೊಂಡರು.

ಕೊರಳಿನ ಬೀಗದ ಕೈಯನ್ನು ಬಿಚ್ಚಿ ಬೀರುವಿನ ಮೇಲಿಟ್ಟು, ಅವರು ಕಿಟಕಿಯ ಪಕ್ಕ ಯಜಮಾನರ ಕುರ್ಚಿಯಲ್ಲಿ ಕೂತರು. ಮಧ್ಯಾಹ್ನದ ಬಿಸಿಲು ಮೇಜಿನ ಮೇಲೆ, ಡಬ್ಬಿ ಇದ್ದ ಜಾಗದಲ್ಲಿ ಬಿದ್ದಿತ್ತು. ಅಲ್ಲಿ ಧೂಳಿನ ನಡುವೆ ಒಂದು ಚೌಕ ಇನ್ನೂ ಸ್ವಚ್ಛವಾಗಿತ್ತು. ಕೆಳಗೆ ಹೊಲಿಗೆ ಯಂತ್ರ ಸ್ವಲ್ಪ ಹೊತ್ತು ಓಡಿ ನಿಂತಿತು. ನೆಲದೊಳಗಿಂದ ಬಂದ ಹಾಗೆ ಕೂಗಾಟ ಕೇಳಿತು. ಹಳೆಯ ಕೂಗಾಟ, ತಮ್ಮದೇ. ಆಮೇಲೆ ಮೌನ. ಆ ಮೌನದಲ್ಲಿ ಏನಿದೆ ಎಂದು ಅವರಿಗೆ ಗೊತ್ತಿತ್ತು. ಇಲ್ಲಿಗೆ ಕೇಳಿಸದಷ್ಟು ಮೆಲ್ಲಗಿನ ಮಾತು.

ಬಾಗಿಲು ದಡಾರೆಂದಿತು. ಮತ್ತೆ ಮೊದಲಿನಿಂದ ಕೂಗಾಟ. ಕೆಳಗೆ ಅವಳು ಅದನ್ನೇ ಎರಡನೆಯ ಸಲ ಹಾಕಿದ್ದಳು.

ದಾದಿಯಮ್ಮ ಕೈ ಜೋಡಿಸಿದರು. ಸ್ವಾಮೀ, ಅವರನ್ನು ಸದ್ದಿಲ್ಲದ ಕಡೆ ಕೂರಿಸು. ಓದಿ ಮುಗಿಯುವ ತನಕ ಅಲ್ಲಿ ಯಾರೂ ಬಾಗಿಲು ಬಡಿಯದಿರಲಿ. ಇಲ್ಲಿ ಸಿಗದ ಶಾಂತಿ ಆ ಆತ್ಮಕ್ಕೆ ಅಲ್ಲಿ ಸಿಗಲಿ.