ಭಾನುಮತಿಯ ಅಕೌಂಟಿಗೆ ಬೀಗ

ಎಲ್ಲಿಂದ ಶುರು ಮಾಡಲಿ? ಕಂಪ್ಯೂಟರ್ ಕೊಂಡ ದಿನದಿಂದ ಎಂದುಕೊಂಡು ಒಂದು ಪುಟ ಬರೆದು ಹರಿದುಹಾಕಿದೆ. (ಹರಿಯುವುದೆಲ್ಲಿ ಬಂತು, ಡಿಲೀಟ್ ಒತ್ತಿದೆ. ಹಳೆಯ ಕಥೆಗಾರರ ಗತ್ತು ನನ್ನನ್ನು ಬಿಡುವುದಿಲ್ಲ.) ಅಷ್ಟರಲ್ಲಿ ಭಾನುಮತಿ ಕೀಬೋರ್ಡಿನ ಮುಂದೆ ಕೂತು ಮತ್ತೊಂದು ಸಲ ಟೈಪ್ ಮಾಡುತ್ತಿದ್ದಳು. ಅಲ್ಲಿಂದಲೇ ಹೇಳುತ್ತೇನೆ.

೧

ಶ್ರೀರಾಂಪುರದ ಮನೆ, ಮಧ್ಯಾಹ್ನ. ಪಾಸ್‌ವರ್ಡ್ ತಪ್ಪು ಎಂದು ಪರದೆ ಮತ್ತೆ ಹೇಳಿತು. ಇನ್ನು ಸ್ವಲ್ಪ ಹೊತ್ತಿಗೆ ಅವಳಿಗೆ ಆನ್‌ಲೈನ್ ಇಂಟರ್‌ವ್ಯೂ. ಶಾಲೆಯೊಂದರಲ್ಲಿ ಲೈಬ್ರರಿಯನ್ ಕೆಲಸ. (ಮೊಬೈಲಿನಲ್ಲೇ ಮಾಡಬಹುದಲ್ಲ ಎನ್ನುತ್ತೀರಿ. ನಾನೂ ಕೇಳಿದೆ. ಜೊತೆಗೆ ಟೈಪಿಂಗ್ ಟೆಸ್ಟ್ ಇದೆ, ಕಂಪ್ಯೂಟರೇ ಬೇಕಂತೆ.)

೨

ಹಿಂದಕ್ಕೆ ಹೋಗಲೇಬೇಕು, ಕ್ಷಮಿಸಿ. ಹೋದ ಭಾನುವಾರದವರೆಗೆ ಈ ಕಂಪ್ಯೂಟರಿಗೆ ಬೀಗವೇ ಇರಲಿಲ್ಲ. ಭಾನುಮತಿಯ ಅತ್ತೆ ಸಿದ್ದಲಿಂಗಮ್ಮ ನಾಟಕದ ಹಾಡು ಕೇಳಲು ಕೂತವರು ಏನನ್ನೋ ಒತ್ತಿ, ಮೊಮ್ಮಗಳು ಧರಣಿಯ ಕಾಲೇಜು ಪ್ರಾಜೆಕ್ಟನ್ನೇ ಅಳಿಸಿಬಿಟ್ಟರು. ಧರಣಿ ಅತ್ತು ರಂಪ ಮಾಡಿದಳು. ಅವಳಪ್ಪ ಅಶೋಕ, ಅಂದರೆ ಭಾನುಮತಿಯ ಗಂಡ, ಕೂತು ಒಬ್ಬೊಬ್ಬರಿಗೂ ಒಂದೊಂದು ಅಕೌಂಟ್ ಮಾಡಿಕೊಟ್ಟ. ಎಲ್ಲರ ಬೀಗವನ್ನೂ ತೆರೆಯಬಲ್ಲ ಅಡ್ಮಿನ್ ತಾನೇ ಆದ.

"ನಂಗ್ಯಾಕಪ್ಪಾ ಪಾಸ್‌ವರ್ಡು? ಮುಚ್ಚಿಡಕ್ಕೆ ನಂದೇನದೆ?" ಎಂದರು ಸಿದ್ದಲಿಂಗಮ್ಮ.

ಭಾನುಮತಿ ಮಾತ್ರ ಎಲ್ಲರನ್ನೂ ಆ ಕಡೆ ತಿರುಗಿಸಿ ಟೈಪ್ ಮಾಡಿದಳು. ಮದುವೆಯಾದ ಮೇಲೆ ತನ್ನದು ಅಂತ ಒಂದು ಬೀಗ ಸಿಕ್ಕಿದ್ದು ಅದೇ ಮೊದಲು. ಅಷ್ಟು ಜೋಪಾನ ಮಾಡಿದ್ದನ್ನೇ ಇವತ್ತು ಗಾಬರಿಯಲ್ಲಿ ಮರೆತಳು.

೩

ಪಾಪ, ಕಾಪಾಡೋಣ ಎಂದು ಅವಳನ್ನು ಬೀಗವಿಲ್ಲದ ಅತ್ತೆಯ ಅಕೌಂಟಿಗೆ ಕಳಿಸಿದೆ.

"ನನ್ ಸರ್ಟಿಫಿಕೇಟೆಲ್ಲ ನನ್ ಅಕೌಂಟಲ್ಲೇ ಅವೆ ಸಾರ್. ಅವನ್ನೇ ತೋರ್ಸಿ ಅಂತಾರೆ. ಕಥೆ ಬರಿಯೋರಿಗೆ ಇಷ್ಟೂ ಗೊತ್ತಾಗಲ್ವಾ?" ಎಂದು ನನಗೇ ತಿರುಗಿಬಿದ್ದಳು.

(ಗೊತ್ತಾಗಲಿಲ್ಲ. ಆ ಪ್ಯಾರಾ ತೆಗೆದೆ.)

ಧರಣಿ ಕ್ಲಾಸಿನಲ್ಲಿದ್ದಾಳೆ, ಫೋನ್ ಆಫ್. ಉಳಿದವನು ಅಡ್ಮಿನ್ ಒಬ್ಬನೇ. ಆದರೆ ಅವನಿಗೆ ಇಂಟರ್‌ವ್ಯೂ ವಿಷಯವೇ ಗೊತ್ತಿಲ್ಲ.

ಅಶೋಕ ಕೆಟ್ಟವನಲ್ಲ. ಅವನು ಕೂಗಾಡುವ ಒಂದು ಡ್ರಾಫ್ಟ್ ಇತ್ತು. ಕಥೆ ಸಲೀಸಾಗಿ ಮುಗಿಯುತ್ತಿತ್ತು, ಆದರೆ ಸುಳ್ಳು. ಹೋದ ವರ್ಷ ಅವಳು ಇಂಥದ್ದೇ ಇಂಟರ್‌ವ್ಯೂಗೆ ಹೋದಾಗ ಖುಷಿ ತಡೆಯಲಾರದೆ ನೆಂಟರಿಗೆಲ್ಲ ಹೇಳಿದ್ದ. ಕೆಲಸ ಸಿಗಲಿಲ್ಲ. ಆಮೇಲೆ ಯಾರ ಮನೆಗೆ ಹೋದರೂ, "ಏನಾಯ್ತು ಕಣಮ್ಮ ನಿನ್ ಕೆಲ್ಸ?" ಅವಳು ಮದುವೆ ಮುಂಜಿಗೆ ಹೋಗುವುದನ್ನೇ ಬಿಟ್ಟಳು.

೪

"ರೀ, ಪಾಸ್‌ವರ್ಡ್ ಮರ್ತ್‌ಬುಟ್ಟೆ. ನಿಮ್ದು ಹೇಳಿ," ಎಂದು ಆಫೀಸಿನಲ್ಲಿದ್ದ ಅಶೋಕನಿಗೆ ಫೋನ್ ಮಾಡಿದಳು.

"ಸಂಜೆ ಬಂದು ಸರಿಮಾಡ್ತೀನಿ ಬುಡು."

"ಈಗ್ಲೇ ಬೇಕು."

"ಅಂಥದ್ದೇನು ಅರ್ಜೆಂಟು?"

ಗ್ಯಾಸ್ ಬುಕ್ಕಿಂಗ್ ಎಂಬ ಸುಳ್ಳೊಂದನ್ನು ಸಿದ್ಧಮಾಡಿ ಅವಳ ಮುಂದಿಟ್ಟಿದ್ದೆ. ಅವಳು ಮುಟ್ಟಲಿಲ್ಲ.

"ಇಂಟರ್‌ವ್ಯೂ ಇದೆ ಕಣ್ರೀ. ನಿಮ್ಗೆ ಹೇಳಿದ್ರೆ ಎಲ್ರಿಗೂ ಹೇಳ್ಬುಡ್ತೀರಿ ಅಂತ ಹೇಳ್ಲಿಲ್ಲ."

ಆ ಕಡೆ ಕುರ್ಚಿ ಸರಿದ ಶಬ್ದ ಕೇಳಿತು. ಅಶೋಕ ಆಫೀಸಿನ ಕಾರಿಡಾರಿಗೆ ಬಂದು, ದನಿ ತಗ್ಗಿಸಿ, ಒಂದೊಂದೇ ಅಕ್ಷರ ಹೇಳತೊಡಗಿದ.

೫

ಅವನ ಅಕೌಂಟ್ ತೆರೆದು, ಅವನು ಹೇಳಿಕೊಟ್ಟಂತೆ ತನ್ನ ಪಾಸ್‌ವರ್ಡ್ ಬದಲಿಸಿ, ಅವಳು ತನ್ನದಕ್ಕೆ ಬಂದಳು. ಲಿಂಕ್ ಒತ್ತಿದಳು. ಕಾಯಿರಿ ಎಂದಿತು ಪರದೆ.

"ಯಾರ್ಗೂ ಹೇಳಲ್ಲ ಕಣೇ," ಎಂದ ಅಶೋಕ. "ನಂಗೂ ಆಮೇಲೆ, ನಿಂಗೆ ಇಷ್ಟ ಇದ್ರೆ ಹೇಳು."

"ಹೂಂ. ಇಡ್ರೀ."

ನಾನು ಎರಡು ಅಂತ್ಯ ಬರೆದಿದ್ದೆ. ಒಂದರಲ್ಲಿ ಕೆಲಸ ಸಿಗುತ್ತದೆ, ಇನ್ನೊಂದರಲ್ಲಿ ಇಲ್ಲ. ಯಾವುದನ್ನಿಡಲಿ ಎಂದು ಭಾನುಮತಿಯನ್ನೇ ಕೇಳಿದೆ. ಅವಳು ಕೂದಲು ಸರಿಮಾಡಿಕೊಳ್ಳುತ್ತ ಬಾಗಿಲು ತೋರಿಸಿದಳು.

"ನೀವೂ ಆಚೆ ಹೋಗಿ ಸಾರ್. ಓದ್ತಾ ಇರೋರ್ನೂ ಕರ್ಕೊಂಡ್ಹೋಗಿ."

ಒಳಗೆ ಪರದೆಯಿಂದ ಯಾರೋ ನಮಸ್ಕಾರ ಎಂದರು. ಅವಳ ಉತ್ತರ ಕೇಳಿಸುವಷ್ಟರಲ್ಲಿ ಚಿಲಕ ಬಿತ್ತು. ಬನ್ನಿ, ಗೇಟಿನ ಹತ್ತಿರ ನಿಲ್ಲೋಣ.