ಮುಟ್ಟಾಳೆ ಹಿಡಿದ ಮುತ್ತಜ್ಜಿ

ಉಪ್ಪಳದ ಪೇಟೆಯಲ್ಲಿ ಮುನವ್ವರನ ಫ್ರೇಮ್ ಅಂಗಡಿ ಹುಡುಕುವಷ್ಟರಲ್ಲಿ ಹರಿನಾರಾಯಣರ ತಾಳ್ಮೆ ಅರ್ಧ ಮುಗಿದಿತ್ತು. ಬಸ್ಸಿನಲ್ಲಿ ಸೀಟು ಸಿಕ್ಕಿರಲಿಲ್ಲ. ಬಗಲಲ್ಲಿ ಬೆಡ್‌ಶೀಟು ಸುತ್ತಿದ, ಫ್ರೇಮಿನೊಳಗಿನ ಮುತ್ತಜ್ಜಿ. ಸಾಲದ್ದಕ್ಕೆ ಕಂಡಕ್ಟರ್ ಬೇರೆ, "ಕನ್ನಡಿಯಾ? ಒಡೆದರೆ ನಮ್ಮನ್ನು ಕೇಳ್ಬೇಡಿ" ಎಂದಿದ್ದ.

ಮುತ್ತಜ್ಜಿಯ ಆ ಪೆನ್ಸಿಲ್ ಚಿತ್ರ ಕುಂಬ್ಡಾಜೆಯ ಮೂಲಮನೆ ಪಾಲಾದಾಗ ಅವರಿಗೆ ಬಂದದ್ದು. ಮದುವೆಯಿರಲಿ, ಪರೀಕ್ಷೆಯಿರಲಿ, ಹೊಸಂಗಡಿಯ ಅವರ ಮನೆಯಿಂದ ಹೊರಡುವವರು ಅದಕ್ಕೆ ಕೈಮುಗಿದೇ ಹೊರಡಬೇಕು. ಈಗ ಕುಟುಂಬದ ಸ್ಮರಣ ಸಂಚಿಕೆ ಅಚ್ಚಾಗುವುದಿತ್ತು, ಮುಖಪುಟಕ್ಕೆ ಮುತ್ತಜ್ಜಿಯೇ ಎಂದು ತೀರ್ಮಾನವಾಗಿತ್ತು. ಚಿತ್ರ ಎಷ್ಟು ಹಳೆಯದೆಂದು ಬಲ್ಲವರಿಂದ ಬರೆಸಿ ತಂದರೆ ಮನೆತನದ ತೂಕ ಹೆಚ್ಚುತ್ತದೆ ಎಂದು ಸಂಚಿಕೆಯ ಸಂಪಾದಕ, ಚಿಕ್ಕಪ್ಪನ ಮಗ ತಿರುಮಲೇಶ್ವರ ಹೇಳಿದ್ದ. ಮುನವ್ವರ್ ಮುಂಬೈಯಲ್ಲಿ ಹಳೆಯ ಚಿತ್ರಗಳಿಗೆ ಬೆಲೆ ಕಟ್ಟುವ ಕೆಲಸ ಮಾಡಿ ಬಂದವನು.

ಅವನು ಹಿಂಬದಿಯ ಮೊಳೆಗಳನ್ನು ಕಿತ್ತು, ಕಾಗದವನ್ನು ಮೆಲ್ಲಗೆ ಬೆಳಕಿಗೆ ಹಿಡಿದ.

"ಒಳ್ಳೆ ಕಾಗದ ಭಟ್ರೇ, ಬಟ್ಟೆಯ ಚಿಂದಿಯಿಂದ ಮಾಡಿದ್ದು. ನೂರೈವತ್ತು ವರ್ಷ ಆಗಿರ್ಬಹುದು. ಬರೆದವರ ಕೈ ಭಾರೀ ಲಾಯ್ಕ ಉಂಟು."

ಹರಿನಾರಾಯಣರಿಗೆ ಹಿಗ್ಗು. "ಕಿವಿಯ ಓಲೆ ನೋಡು. ಅಪ್ಪಟ ಚಿನ್ನ."

"ಚಿನ್ನ ಅಲ್ಲ, ತಾಳೆಗರಿಯ ಸುರುಳಿ. ಗೆರೆ ಕಾಣ್ತದಲ್ಲ?" ಎಂದ ಮುನವ್ವರ್ ಕಾಗದದ ಕೆಳಗಂಚನ್ನು ಮುಟ್ಟಿ ನೋಡಿದ. "ಚಿತ್ರ ಇಷ್ಟೇ ಅಲ್ಲ ಭಟ್ರೇ. ಕೆಳಗಿನದ್ದನ್ನು ಹಿಂದಕ್ಕೆ ಮಡಚಿ ಫ್ರೇಮ್ ಹಾಕಿದ್ದಾರೆ."

ಮಡಿಕೆ ಬಿಡಿಸಿದಾಗ ಮುತ್ತಜ್ಜಿ ಕಟ್ಟೆಯೊಂದರ ಮೇಲೆ ಕುಳಿತಿದ್ದಳು. ಮಡಿಲಲ್ಲಿ ಅಡಿಕೆ ಹಾಳೆಯ ಟೊಪ್ಪಿ, ಮುಟ್ಟಾಳೆ. ಅದನ್ನು ಹಿಡಿದ ಬೆರಳುಗಳು ಗಂಟುಗಂಟಾಗಿದ್ದವು. ಬರಿಗಾಲಿಗೆ ಗದ್ದೆಯ ಕೆಸರು ಮೆತ್ತಿತ್ತು.

ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮೂಲಮನೆಯ ಹೆಂಗಸರು ತಲೆಗೆ ಮುಟ್ಟಾಳೆ ಇಟ್ಟು ಗದ್ದೆಗೆ ಇಳಿದವರಲ್ಲ. ಇಳಿದವರನ್ನು ಆ ಮನೆ ಜಗಲಿ ಹತ್ತಿಸಿದ್ದೂ ಇಲ್ಲ. ಅವರ ಬೊಗಸೆಗೆ ಎತ್ತರದಿಂದ ನೀರು ಹೊಯ್ಯುತ್ತಿದ್ದುದನ್ನು ಹರಿನಾರಾಯಣರೇ ಚಿಕ್ಕಂದಿನಲ್ಲಿ ಕಂಡಿದ್ದರು.

"ಕೆಳಗಿನದ್ದು ಕತ್ತರಿಸಿ ಬಿಡು" ಎಂದರು.

"ಚಿತ್ರದ ಜೀವ ಇರುವುದೇ ಈ ಕೈಯಲ್ಲಿ. ಕತ್ತರಿಸಿದ್ರೆ ನಾನು ಎಂತದೂ ಬರೆದು ಕೊಡುದಿಲ್ಲ. ಮಡಚಿದವರಿಗೂ ಕತ್ತರಿಸ್ಲಿಕ್ಕೆ ಮನಸ್ಸು ಬರ್ಲಿಲ್ಲ ಭಟ್ರೇ."

"ನಿನಗೆಂತ ಹೋಯ್ತು? ಮರ್ಯಾದೆ ಹೋಗುವುದು ನಮ್ಮದು!"

ಎರಡು ರಟ್ಟುಗಳ ನಡುವೆ ಚಿತ್ರವನ್ನಿಟ್ಟುಕೊಂಡು ಗೊಣಗುತ್ತಲೇ ಮನೆಗೆ ಬಂದರು. ಇಷ್ಟು ವರ್ಷ ಯಾರಿಗೋ ಕೈಮುಗಿದೆನಲ್ಲ ಎಂಬ ಸಿಟ್ಟು. ಫೋನಿನಲ್ಲಿ ತಿರುಮಲೇಶ್ವರ ಮಾತ್ರ ತಣ್ಣಗಿದ್ದ. "ಫೋಟೋ ತೆಗೆಯುವಾಗ ಕೆಳಗಿನದ್ದು ಬಿಟ್ಟರಾಯ್ತು ಅಣ್ಣಾ. ಹಿರಿಯರೆಲ್ಲ ನಂಬಿಕೊಂಡು ಬಂದದ್ದು, ಈಗ ಅವರ ಮನಸ್ಸು ನೋಯಿಸುವುದು ಯಾಕೆ?"

ಹರಿನಾರಾಯಣರಿಗೆ ಅದು ಸರಿಯೆನಿಸಿತು. ಹೆಂಡತಿ ದೇವಕಿಗೆ ಅನಿಸಲಿಲ್ಲ. ಅವರು ಚಿತ್ರವನ್ನು ಮೇಜಿನ ಮೇಲಿಟ್ಟು ಬಹಳ ಹೊತ್ತು ನೋಡಿದರು.

"ಮೊಮ್ಮಗಳು ಸ್ಪಂದನಾ ಹುಟ್ಟುವಾಗ ಡಾಕ್ಟ್ರು ಕೈಬಿಟ್ಟಿದ್ರು. ನಾನು ಅತ್ತದ್ದು ಇವರ ಎದುರು. ಆಗ ನಾನು ಜಾತಿ ಕೇಳ್ಲಿಲ್ಲ. ಈಗ ಎಂತ, ಕೈಮುಗಿದದ್ದನ್ನೆಲ್ಲ ವಾಪಸು ತಕೊಳ್ಳುವುದಾ?" ಸ್ವಲ್ಪ ತಡೆದು ಕೇಳಿದರು, "ಇವರ ಹೆಸರು ಎಂತ?"

ಹರಿನಾರಾಯಣರು ರೇಗಿಕೊಂಡೇ ಸೋದರತ್ತೆಗೆ ಫೋನು ಮಾಡಿದರು. ತೊಂಬತ್ತು ದಾಟಿದ ಅತ್ತೆ ಏಳು ತಲೆಮಾರಿನ ಹೆಸರನ್ನು ಉಸಿರು ಬಿಡದೆ ಒಪ್ಪಿಸಬಲ್ಲವರು.

"ಆ ಕಾಲದ ಆಳುಗಳ ಹೆಸರಾ? ಅದನ್ನೆಲ್ಲ ಯಾರು ನೆನಪಿಟ್ಟುಕೊಳ್ತಾರೆ ಮಾರಾಯ" ಎಂದು ಅತ್ತೆ ನಕ್ಕರು. "ಆಗ ಎರಡು ಕೋಣ ಇದ್ದವಂತೆ ನೋಡು, ಬೊಳ್ಳ, ಕಾಟಿ ಅಂತ. ಎಂಥ ಕೋಣಗಳು! ನಮ್ಮಜ್ಜ ದಿನಾ ಹೇಳುತ್ತಿದ್ದರು."

ಹರಿನಾರಾಯಣರು ಫೋನು ಕೆಳಗಿಟ್ಟರು. ಬೆಳಗಿನಿಂದ ಕುದಿಯುತ್ತಿದ್ದ ಸಿಟ್ಟು ಇನ್ನೂ ಕುದಿಯುತ್ತಿತ್ತು. ಆದರೆ ಅದು ಮುನವ್ವರನ ಮೇಲಾಗಲಿ ಚಿತ್ರದ ಮೇಲಾಗಲಿ ಇರಲಿಲ್ಲ. ತಮ್ಮ ಮೇಲೆಯೇ, ತಮ್ಮವರ ಮೇಲೆಯೇ ಇತ್ತು. ನಾಚಿಕೆಯಿಂದ ಅವರಿಗೆ ಕೂತಲ್ಲಿ ಕೂರಲಾಗಲಿಲ್ಲ.

ಮರುದಿನ ಇಡೀ ಚಿತ್ರದ ಫೋಟೋ ತೆಗೆಸಿ ಕಳಿಸಿದರು. ಕೂಡಲೇ ತಿರುಮಲೇಶ್ವರನ ಫೋನು ಬಂತು.

"ಇದನ್ನು ಹಾಕಿದರೆ ಜನ ನಗುದಿಲ್ವಾ ಅಣ್ಣಾ?"

"ನಗಲಿ. ಹಾಕುವುದಾದರೆ ಇಡೀ ಹಾಕು. ಇಲ್ಲದಿದ್ದರೆ ಬೇಡ."

"ಆಯ್ತು. ಅಡಿಯಲ್ಲಿ ಎಂತ ಬರೆಯುವುದು? ಮುತ್ತಜ್ಜಿ ಅಂತ ಬರೆಯಲಿಕ್ಕಾಗುದಿಲ್ಲ."

ಹರಿನಾರಾಯಣರು ಒಂದೊಂದೇ ಮಾತು ಹೇಳಿ ಬರೆಸಿದರು: "ಇವರು ನಮ್ಮ ಗದ್ದೆಯಲ್ಲಿ ದುಡಿದವರು. ಆ ಗದ್ದೆ ಉತ್ತ ಕೋಣಗಳ ಹೆಸರು ಬೊಳ್ಳ ಮತ್ತು ಕಾಟಿ. ಇವರ ಹೆಸರನ್ನು ನಾವು ನೆನಪಿಟ್ಟುಕೊಳ್ಳಲಿಲ್ಲ."