ಬಂಡೆಯ ಮಾತು

ಕೊಣ್ಣೂರಿನಾಚೆ ಕಬ್ಬಿನ ಹೊಲಗಳ ನಡುವೆ ಇದ್ದ ಆ ಅತಿಥಿಗೃಹಕ್ಕೆ ವಿದ್ಯಾ ಎರಡನೆಯ ಸಲ ಬಂದದ್ದು ಗಂಡನ ಹಟಕ್ಕೆ. ಧಾರವಾಡದಲ್ಲಿ ಔಷಧಿ ಅಂಗಡಿ ನಡೆಸುವ ಸದಾಶಿವನಿಗೆ ಬಿಡುವು ಸಿಗುವುದೇ ಅಪರೂಪ. "ಹೋದ ವರ್ಷ ಗೆಳತ್ಯಾರ ಜೋಡಿ ಹೋಗಿದ್ದ್ಯಲ್ಲ, ರೊಟ್ಟಿ ಭಾಳ ಚಲೋ ಇದ್ವು ಅಂದಿದ್ದಿ. ಅಲ್ಲೇ ಹೋಗೂಣು" ಎಂದಿದ್ದ. ಬೇಡವೆನ್ನಲು ಅವಳ ಬಳಿ ಹೇಳಬಹುದಾದ ಕಾರಣವಿರಲಿಲ್ಲ.

ಮಧ್ಯಾಹ್ನ ಊಟ ಬಡಿಸಿದವನು ಯಲ್ಲೇಶನೆಂಬ ಹೊಸಬ. ತಟ್ಟೆಯಲ್ಲಿ ಚಪಾತಿ ಇತ್ತು.

"ರೊಟ್ಟಿ ಇಲ್ಲೇನ್ರಿ?" ಸದಾಶಿವ ಕೇಳಿದ.

ಅತಿಥಿಗೃಹದ ಒಡತಿ ದ್ರಾಕ್ಷಾಯಿಣಿ ಬಾಗಿಲಲ್ಲೇ ನಿಂತು ಹೇಳಿದಳು: "ರೊಟ್ಟಿ ಬಡಿಯಾಕ ಹಣಮವ್ವ ಅಂತ ಇದ್ದಳ್ರಿ. ಏಳು ವರ್ಷ ಇಲ್ಲೇ ಹಿಂದಿನ ಖೋಲ್ಯಾಗ ಇದ್ಲು. ಬಂದವರನ್ನ ಊರ ತೋರಸಾಕ ಕರ್ಕೊಂಡ ಹೋಗಾಕೀನೂ ಅಕೀನ. ಯಾರೋ ನೆಟ್ಟಿನ್ಯಾಗ ಬರದ್ರು, ಮಂದಿ ಮ್ಯಾಲ ಕೈ ಮಾಡ್ತಾಳ ಅಂತ. ಅದನ್ನ ಓದಿ ನಾಕ ಮಂದಿ ಬರೂದ ಬ್ಯಾಡಂದ್ರು. ಏನ್ ಮಾಡ್ಲಿರಿ, ಕೆಲಸಾ ಬಿಡಿಸಿದೆ. ಈಗ ನಾಗನೂರಾಗ ಅಕ್ಕನ ಮನ್ಯಾಗ ಅದಾಳ."

ವಿದ್ಯಾ ಮುರಿದ ತುತ್ತನ್ನು ತಟ್ಟೆಯಲ್ಲೇ ಇಟ್ಟಳು. ಬರೆದವಳು ಅವಳೇ. ಯಾರೆಂದು ಗೊತ್ತಾಗದಂತೆ ಹೆಸರಿನ ಜಾಗದಲ್ಲಿ ಎರಡು ಇಂಗ್ಲಿಷ್ ಅಕ್ಷರ ಮಾತ್ರ ಹಾಕಿದ್ದಳು.

ಹೋದ ಶ್ರಾವಣದಲ್ಲಿ ಹಣಮವ್ವ ವಿದ್ಯಾಳನ್ನೂ ಗೆಳತಿಯರನ್ನೂ ಕಬ್ಬಿನ ಬದುವಿನ ಮೇಲೆ ನಡೆಸಿಕೊಂಡು, ಹೊಳೆಯ ಕಥೆ ಹೇಳುತ್ತ ಗೋಕಾಕ ಜಲಪಾತಕ್ಕೆ ಕರೆದೊಯ್ದಿದ್ದಳು. ಅಂಚಿಗೆ ಹೋಗಬೇಡಿ ಎಂದು ಮೂರು ಸಲ ಹೇಳಿದ್ದಳು. ವಿದ್ಯಾ ಕೇಳಲಿಲ್ಲ. ಫೋಟೊ ತೆಗೆಸಿಕೊಳ್ಳಲು ಪಾಚಿ ಹಿಡಿದ ಬಂಡೆಯ ಮೇಲೆ ಕಾಲಿಟ್ಟಳು, ಹಿಮ್ಮಡಿ ಜಾರಿತು. ಹಣಮವ್ವ ರಟ್ಟೆ ಹಿಡಿದು ಹಿಂದಕ್ಕೆ ಎಳೆದವಳೇ ಬೆನ್ನ ಮೇಲೊಂದು ಬಲವಾಗಿ ಬಾರಿಸಿ, "ಸಾಯಾಕ ಬಂದೀಯೇನ ಹುಚ್ಚಿ!" ಎಂದು ಒದರಿದಳು. ಸುತ್ತ ನಿಂತವರು ನಕ್ಕರು. ಅಂದು ಸಂಜೆ, ಮರಳುವ ಬಸ್ಸಿನಲ್ಲಿ ವಿದ್ಯಾ ಬರೆದಳು. ಎಳೆದದ್ದು, ಹೊಡೆದದ್ದು, ಬೈದದ್ದು. ಸುಳ್ಳು ಒಂದೂ ಇರಲಿಲ್ಲ. ಬಂಡೆಯ ಮಾತಷ್ಟೇ ಇರಲಿಲ್ಲ.

ಮರುದಿನ ಬೆಳಿಗ್ಗೆ ಗಂಡನಿಗೆ ನಾಗನೂರಿಗೆ ಕಾರು ತಿರುಗಿಸಲು ಹೇಳಿ, ದಾರಿಯಲ್ಲಿ ಎಲ್ಲವನ್ನೂ ಒಪ್ಪಿಕೊಂಡಳು. ಅವನು ರಸ್ತೆಯಿಂದ ಕಣ್ಣು ತೆಗೆಯದೆ ಅರಭಾವಿ ದಾಟಿಸಿದ. ಬೈದಿದ್ದರೆ ಹಗುರವಾಗುತ್ತಿತ್ತೇನೋ.

ಅಕ್ಕನ ಮನೆಯವರು ತೋರಿಸಿದ ಕಡೆ ಹೋದರೆ, ಹಣಮವ್ವ ಬೇರೆಯವರ ಗೋವಿನಜೋಳದ ಹೊಲದಲ್ಲಿ ಕಸ ತೆಗೆಯುತ್ತಿದ್ದಳು. ಮೊದಲಿಗಿಂತ ಬಡಕಲಾಗಿದ್ದಳು. ತಲೆಯೆತ್ತಿ ನೋಡಿದವಳೇ ಮುಖ ಅರಳಿಸಿದಳು.

"ಬಂಡಿ ಮ್ಯಾಲ ಜಾರಿದಾಕಿ ಅಲ್ಲೇನ ನೀನು? ರಟ್ಟಿ ಬಾತಿತ್ತೇನ ಯವ್ವಾ? ಭಾಳ ಜೋರ ಹಿಡದಿದ್ದೆ ನಾ."

ವಿದ್ಯಾ ಅಲ್ಲೇ ಬದುವಿನ ಮೇಲೆ ಕುಳಿತಳು. "ಹಣಮವ್ವಾರ, ನೆಟ್ಟಿನ್ಯಾಗ ಬರದಾಕಿ ನಾನ ರಿ."

ಕಸ ತೆಗೆಯುತ್ತಿದ್ದ ಕುರ್ಚಿಗಿ ನಿಂತಿತು. ಅದನ್ನು ಮಣ್ಣಿಗೆ ಚುಚ್ಚಿಟ್ಟು ಹಣಮವ್ವ ಅಂದಳು, "ನನಗ ಓದಾಕ ಬರೂದಿಲ್ಲ. ಏನ್ ಬರದಿದ್ದಿ, ಓದು."

ಫೋನು ತೆಗೆದು ವಿದ್ಯಾ ಓದಿದಳು. ಐದೇ ಸಾಲು. ತಾನೇ ಬರೆದ ಮಾತು ಬಾಯಿಂದ ಹೊರಬರಲು ಇಷ್ಟು ಕಷ್ಟಪಡುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

"ಎಲ್ಲಾ ಖರೇನ ಐತಿ" ಎಂದಳು ಹಣಮವ್ವ. "ಬಂಡಿ ಸುದ್ದಿ ಯಾಕ ಬರಿಲಿಲ್ಲ?"

"ಮಂದಿ ನಕ್ರು ರಿ. ನಾಚಿಕಿ ಆತು. ತಪ್ಪಾತ್ರಿ... ಇದನ್ನ ಅಳಸ್ತೀನಿ, ಅಲ್ಲಿ ಮಾಲಕರಿಗೆ ಎಲ್ಲಾ ಹೇಳ್ತೀನಿ. ನೀವು ಹೊಳ್ಳಿ ಬರ್ರಿ."

ಹಣಮವ್ವ ಕಿತ್ತ ಹುಲ್ಲಿನ ಮಣ್ಣು ಕೊಡವಿ ಬದುವಿಗೆ ಹಾಕಿದಳು. "ಸಿಟ್ಟಿಲ್ಲ ನಂಗ. ಆದ್ರ ಇನ್ನ ಯಾರರ ಹೊಳಿ ಕಡೆ ಹೋದ್ರ, ಹಿಡೀಲೋ ಬ್ಯಾಡೋ ಅಂತ ವಿಚಾರ ಮಾಡಬೇಕಾಗತೈತಿ. ನಾ ವಿಚಾರ ಮಾಡೂದ್ರಾಗ ಅವರು ನೀರಾಗ ಹೋಗಿರ್ತಾರ. ಬ್ಯಾಡವಾ, ನಾ ಬರಂಗಿಲ್ಲ."

ವಿದ್ಯಾ ಕೈ ಮುಗಿದಳು. ಹಣಮವ್ವ ಆಗಲೇ ಬಗ್ಗಿ ಮುಂದಿನ ಸಾಲಿಗೆ ಕೈ ಹಾಕಿದ್ದಳು.

ಅತಿಥಿಗೃಹಕ್ಕೆ ಮರಳಿ ದ್ರಾಕ್ಷಾಯಿಣಿಗೆ ಒಂದನ್ನೂ ಮುಚ್ಚಿಡದೆ ಹೇಳಿದಳು. ಅವಳು ಕೂಗಾಡಬಹುದು, ಹೊರಗೆ ಹಾಕಬಹುದು ಎಂದುಕೊಂಡಿದ್ದಳು. ದ್ರಾಕ್ಷಾಯಿಣಿ ಮೆಟ್ಟಿಲ ಮೇಲೆ ಕುಳಿತು ಸೆರಗಿನಿಂದ ಮುಖ ಒರೆಸಿಕೊಂಡಳು.

"ನಿಮಗೇನ ಅನ್ನಲ್ರಿ ನಾ? ಏಳು ವರ್ಷ ನೋಡಿದ್ದೆ ಅಕೀನ್ನ. ಯಾಕ ಹೊಡದಿ ಅಂತ ಒಂದ ಮಾತ ಕೇಳಲಿಲ್ಲ."

ಮೂರು ದಿನಕ್ಕೆಂದು ಬಂದವರು ಅಂದೇ ಮಧ್ಯಾಹ್ನ ಹೊರಟರು. ಗೋಕಾಕದ ಹತ್ತಿರ ವಿದ್ಯಾ ಹಳೆಯ ಐದು ಸಾಲು ಅಳಿಸಿ, ನಡೆದದ್ದನ್ನು ಮೊದಲಿನಿಂದ ಬರೆದಳು. ಈ ಸಲ ಪೂರ್ತಿ ಹೆಸರು ಹಾಕಿದಳು. ಬರೆದು ಮುಗಿಸಿದರೂ ಎದೆಯೊಳಗಿನ ಭಾರ ಇದ್ದಲ್ಲೇ ಇತ್ತು. ಸದಾಶಿವ ಸ್ಟಿಯರಿಂಗಿನಿಂದ ಒಂದು ಕೈ ತೆಗೆದು ನೀರಿನ ಬಾಟಲಿ ಅವಳತ್ತ ಚಾಚಿದ. ಅವಳು ತೆಗೆದುಕೊಂಡಳು, ಕುಡಿಯಲಿಲ್ಲ.